ಅಣ್ಣನ ನಾಟಕದ ಕೊನೆಯ ಮಾತು

ನಮ್ಮ ಅಣ್ಣನ ಹೊಟ್ಟೆಪಾಡು ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ರಾತ್ರಿಯಾದರೆ ಅದೇ ಲೆಕ್ಕದ ಪುಸ್ತಕದ ಹಿಂಬದಿಯಿಂದ ನಾಟಕ ಶುರುವಾಗುತ್ತಿತ್ತು. ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಅವನು ಮನೆಯಲ್ಲಿ ನಿಲ್ಲುವವನಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತಿದ್ದವು. ಇವನು ಒಂದು ಡೇರೆಯಿಂದ ಇನ್ನೊಂದಕ್ಕೆ ತಿರುಗಿ, ಬೆಳಗಿನ ಬಸ್ಸಿಗೆ ಕೆಂಪು ಕಣ್ಣು ಮಾಡಿಕೊಂಡು ಬರುತ್ತಿದ್ದ. ಅವ್ವ ಬಯ್ಯುತ್ತಿದ್ದಳು. ಅವನು ಮಾತ್ರ ಹಿಂದಿನ ರಾತ್ರಿ ಕೇಳಿದ ಮಾತುಗಳನ್ನು ಅವಳಿಗೇ ಅಭಿನಯಿಸಿ ತೋರಿಸಿ ನಗಿಸಿಬಿಡುತ್ತಿದ್ದ.

ಆ ಕಾಲದಲ್ಲಿ ಒಂದು ನಾಟಕ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಕೈಬರಹವೇ ದಾರಿ. ಹಳ್ಳಿಯ ತಂಡಗಳಲ್ಲಿ ಮಾಸ್ತರರ ಹತ್ತಿರ ಒಂದೇ ಪೂರ್ತಿ ಪ್ರತಿ ಇರುತ್ತಿತ್ತು. ಪಾತ್ರಧಾರಿಗೆ ತನ್ನ ಮಾತು, ಅದರ ಹಿಂದಿನವನ ಮಾತಿನ ತುದಿ, ಇಷ್ಟೇ ಬರೆದ ಹಾಳೆ ಸಿಗುತ್ತಿತ್ತು. ಓದಲು ಬಾರದವರು ಕೇಳಿಯೇ ಕಲಿಯುತ್ತಿದ್ದರು. ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತ ಹಾಗೆ ಬಾಯಿಂದ ಬಾಯಿಗೆ ಬಂದದ್ದೇ ಹೆಚ್ಚು. ಅದರಲ್ಲಿ ತಪ್ಪುಗಳು ನುಸುಳುತ್ತಿದ್ದವು, ನಿಜ. ಆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಪೂರ್ತಿ ಕಾಣದೇ ಹೋಯಿತು ಎನ್ನುವ ಮಾತು ಇರಲಿಲ್ಲ.

ಅಣ್ಣನ ದೊಡ್ಡ ನಾಟಕ ಹಳೆಯ ಬಾಗಲಕೋಟೆಯ ಮೇಲೆ. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ನಮ್ಮದೇ ಜಿಲ್ಲೆ ಆಯಿತು ಎಂದು ಸಂತೋಷಪಡುವ ಹೊತ್ತಿಗೆ, ಅದೇ ಜಿಲ್ಲೆಯ ಮುಖ್ಯ ಊರು ಆಲಮಟ್ಟಿಯ ಹಿನ್ನೀರಿಗೆ ಓಣಿ ಓಣಿಯಾಗಿ ಖಾಲಿಯಾಗತೊಡಗಿತ್ತು. ಜನ ಬಾಗಿಲು, ತೊಲೆ, ಒರಳುಕಲ್ಲು ಹೇರಿಕೊಂಡು ನವನಗರಕ್ಕೆ ಹೋದರು. ಅಣ್ಣನ ನಾಟಕದಲ್ಲಿ ಮಲ್ಲವ್ವ ಎಂಬ ಮುದುಕಿ, ಪಾರ್ವತಿ ಎಂಬ ಅವಳ ಸೊಸೆ. ಮನೆ ಬಿಡುವ ಕೊನೆಯ ರಾತ್ರಿ ಇಬ್ಬರ ನಡುವೆ ನಡೆಯುವ ಮಾತೇ ಅದರ ಜೀವ.

2004ರಲ್ಲಿ ಅದನ್ನು ಇಳಕಲ್ಲಿನ ಒಂದು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ. ಕೊನೆಯ ದೃಶ್ಯ ಅವನಿಗೆ ಸಮಾಧಾನವಾಗದೆ, ಹುಡುಗನ ಪಕ್ಕದಲ್ಲಿ ಕುಳಿತು ಬಾಯಲ್ಲಿಯೇ ಹೇಳಿ ತಿದ್ದಿಸಿದ. ಹೀಗಾಗಿ ಆ ದೃಶ್ಯದ ಹೊಸ ರೂಪ ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ. ಫ್ಲಾಪಿ ಕಿಸೆಯಲ್ಲಿಟ್ಟುಕೊಂಡು ಬಾಗಲಕೋಟೆಯ ಗೆಳೆಯನೊಬ್ಬನ ಕಡೆಗೆ ಹೋದ. ಅಲ್ಲಿ ಬೇರೆ ಕಂಪನಿಯ ತಂತ್ರಾಂಶ. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ಧಾರವಾಡದ ಒಂದು ಮುದ್ರಣಾಲಯಕ್ಕೆ ಒಯ್ದ; ಅಲ್ಲಿ ಆ್ಯಪಲ್ ಕಂಪ್ಯೂಟರು, ಅಲ್ಲಿ ಇನ್ನೂ ಕೆಟ್ಟ ರೂಪ. "ನನ್ನ ನಾಟಕಕ್ಕ ದೆವ್ವ ಬಡದೈತಿ" ಎಂದು ನಗುತ್ತ ಬಂದ. ಆಮೇಲೆ ಅದನ್ನು ಯಾರೋ ಒಂದು ಸಿಡಿಗೆ ಹಾಕಿಕೊಟ್ಟರು. 2012ರಲ್ಲಿ ಅಣ್ಣ ತೀರಿಕೊಂಡ. ಸಿಡಿ ಅವ್ವನ ಟ್ರಂಕಿನಲ್ಲಿ ಉಳಿಯಿತು.

ಹತ್ತು ವರ್ಷ ಕಳೆದ ಮೇಲೆ ಊರಿನ ಹುಡುಗರು ಜಾತ್ರೆಗೆ ಆ ನಾಟಕ ಆಡುತ್ತೇವೆ, ಪ್ರತಿ ಕೊಡಿರಿ ಎಂದು ನನ್ನ ಮನೆಗೆ ಬಂದರು. ಟ್ರಂಕು ತೆಗೆದೆ. ಹುನಗುಂದದಲ್ಲಿ ನನ್ನ ಕೈಯಲ್ಲಿ ಕಲಿತು ಮುಂದೆ ಎಂಜಿನಿಯರಿಂಗ್ ಓದಿದ ಹುಡುಗನೊಬ್ಬನಿಗೆ ಸಿಡಿ ಕೊಟ್ಟೆ. ಅವನು ಪರದೆಯ ಮೇಲೆ ತೋರಿಸಿದ್ದನ್ನು ಕಂಡು ನನ್ನ ಎದೆ ಒಡೆಯಿತು. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಜರ್ಮನರ ಒಂದು ಅಕ್ಷರ. "ಹಾಳಾತೇನಪಾ?" ಎಂದೆ. "ಇಲ್ರೀ ಟೀಚರ್. ಇದು 'ಕನ್ನಡ' ಅನ್ನೂ ಶಬ್ದ. ಕೆಟ್ಟಿಲ್ಲ, ಬ್ಯಾರೆ ನಕಾಶೆದಾಗ ಐತಿ" ಎಂದ.

ಅವನು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಂಪ್ಯೂಟರಿಗೆ ಅಕ್ಷರ ಎಂದರೆ ಒಂದು ಸಂಖ್ಯೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಇದ್ದದ್ದು 256 ಮನೆ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಆ ಮನೆಗಳಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಕನ್ನಡದ ಅಕ್ಷರಗಳನ್ನು ತುಂಡು ತುಂಡು ಮಾಡಿದರು: ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ಆ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇಟ್ಟರು. ಶ್ರೀಲಿಪಿಯವರು, ಆಕೃತಿಯವರು ತಮ್ಮ ತಮ್ಮ ಕ್ರಮದಲ್ಲಿ ಇಟ್ಟರು. ನುಡಿಯ ಕ್ರಮ ಬೇರೆ. ಆ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಬಾಡಿಗೆದಾರ ಕಾಣುವುದಿಲ್ಲ, ಮನೆಯ ಮಾಲೀಕನೇ ಎದ್ದು ಬರುತ್ತಾನೆ. ಅದರಲ್ಲಿಯೂ ಮೇಲಿನ 128 ಮನೆಗಳಿಗೆ ವಿಂಡೋಸ್ ಒಂದು ವಿಳಾಸ ಕೊಟ್ಟರೆ ಆ್ಯಪಲ್ ಇನ್ನೊಂದು ಕೊಡುತ್ತಿತ್ತು. ಧಾರವಾಡದ ದೆವ್ವ ಇದೇ.

ಹಾಗೆಂದು ಆ ಕಾಲದವರನ್ನು ಹಳಿಯುವುದು ನನಗೆ ಸೇರುವುದಿಲ್ಲ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸ ಮಾಡದಿದ್ದರೆ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು 'ಬರಹ'ವನ್ನು, ಮುಂದೆ ಕನ್ನಡ ಗಣಕ ಪರಿಷತ್ತಿನವರು 'ನುಡಿ'ಯನ್ನು ಕೊಡದಿದ್ದರೆ, ಇಳಕಲ್ಲಿನ ಅಂಗಡಿಯಲ್ಲಿ ಅಣ್ಣನ ನಾಟಕ ಅಚ್ಚಾಗುತ್ತಲೇ ಇರಲಿಲ್ಲ. ಯೂನಿಕೋಡ್ ಎಂಬ ಜಗತ್ತಿನ ಒಪ್ಪಂದದಲ್ಲಿ 1991ರಲ್ಲಿಯೇ ಕನ್ನಡಕ್ಕೆ 128 ಸ್ವಂತ ಮನೆಗಳು ಸಿಕ್ಕಿದ್ದವು. ಆದರೆ ಹಕ್ಕುಪತ್ರ ಬಂದ ದಿನವೇ ಯಾರೂ ಹೊಸ ಮನೆಗೆ ಹೋಗುವುದಿಲ್ಲ, ಬಾಗಲಕೋಟೆಯವರನ್ನು ಕೇಳಿರಿ. ವಿಂಡೋಸ್ ಕನ್ನಡವನ್ನು ಹಾಗೆ ತೋರಿಸತೊಡಗಿದ್ದು 2001ರ ಎಕ್ಸ್‌ಪಿಯಿಂದ. ಡಿಟಿಪಿ ಅಂಗಡಿಗಳು, ಮುದ್ರಣಾಲಯಗಳು ಆಮೇಲೂ ಬಹಳ ವರ್ಷ ಹಳೆಯ ಮನೆಯಲ್ಲಿಯೇ ಇದ್ದವು.

ಹೊಸ ಕ್ರಮದ ಗುಟ್ಟು ನನಗೆ ತಿಳಿದದ್ದು ಬಾದಾಮಿಯಲ್ಲಿ. ಮಕ್ಕಳನ್ನು ಕರೆದುಕೊಂಡು ಕೆರೆಯ ದಂಡೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ತೋರಿಸಲು ಹೋಗಿದ್ದೆ. ಅದು ಕ್ರಿ.ಶ. 700ರ ಸುಮಾರಿನದು, ಅದರಲ್ಲಿ ತ್ರಿಪದಿಯೂ ಇದೆ. ಮಕ್ಕಳು ಒಂದಕ್ಷರ ಓದಲಾರದೆ, "ಇದು ಕನ್ನಡನಾ ರೀ?" ಎಂದರು. ಕನ್ನಡವೇ. ಕಕಾರದ ಆಕಾರ ಬದಲಾಗಿದೆ, ಕಕಾರ ಬದಲಾಗಿಲ್ಲ. ಹಳೆಯ ತಂತ್ರಾಂಶಗಳು ಇಟ್ಟುಕೊಂಡಿದ್ದು ಅಕ್ಷರದ ಆಕಾರವನ್ನು. ಯೂನಿಕೋಡ್ ಇಟ್ಟುಕೊಳ್ಳುವುದು ಅಕ್ಷರವನ್ನು. ಇಷ್ಟೇ ವ್ಯತ್ಯಾಸ.

ಹುಡುಗ ಪರಿವರ್ತಕವೊಂದರಲ್ಲಿ ನಾಟಕವನ್ನು ಹಾಕಿದ. ಕನ್ನಡ ಬಂತು. ಆದರೆ ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸುವಾಗ ಎಳೆಗೆ ಎಳೆ ನೋಡಬೇಕಾಗುತ್ತದೆ. ಇದೂ ಹಾಗೆಯೇ. ಹಳೆಯ ಕ್ರಮದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ, ಹೊಸದರಲ್ಲಿ ಉಚ್ಚಾರದಂತೆ ಮೊದಲು ಬರಬೇಕು. 'ಸೂರ್ಯ'ದಂಥ ಶಬ್ದಗಳನ್ನು ಒಂದೊಂದಾಗಿ ನೋಡಿದೆವು. ಇನ್ನೊಂದು ತೊಡಕು ದೊಡ್ಡದು. ಕೊನೆಯ ದೃಶ್ಯದಲ್ಲಿ ಮಾತಾಡುವವರ ಹೆಸರುಗಳೇ ಇರಲಿಲ್ಲ. ಒಂದು ಮಾತಿನ ಮುಂದೆ 'ಒ', ಇನ್ನೊಂದರ ಮುಂದೆ ಬರೀ 'ಕ್'. ಎಲ್ಲಕ್ಕಿಂತ ಕೊನೆಯ ಮಾತು ಯಾರದು?

ಹುಡುಗರು ಅದು ಸೊಸೆಯದೇ ಎಂದು ತೀರ್ಮಾನಿಸಿದ್ದರು, ವಯಸ್ಸಿನವರಿಗೆ ಸಹಜ. ನಾನು ಎರಡು ರಾತ್ರಿ ಆ ಹಾಳೆ ಹಿಡಿದು ಕುಳಿತೆ. ಮೂರನೆಯ ದಿನ ಹೊಳೆಯಿತು. 'ಕನ್ನಡ'ದ ಕಕಾರ ಪಿ ಮನೆಯಲ್ಲಿ ಇತ್ತಲ್ಲವೇ? ಅಂದು ಬೆರಳಚ್ಚಿನ ಹುಡುಗ ಅವಸರಕ್ಕೆ ಹೆಸರುಗಳನ್ನು ಇಂಗ್ಲಿಷಿನ ಒಂದೊಂದೇ ಅಕ್ಷರದಲ್ಲಿ ಹೊಡೆದಿದ್ದ. ಪರಿವರ್ತಕ ಅವನ್ನೂ ಕನ್ನಡದ ತುಂಡುಗಳೆಂದು ತಿಳಿದು ತಿರುಗಿಸಿತ್ತು. ಪಿ ಹೋಗಿ 'ಕ್' ಆದದ್ದು ಪಾರ್ವತಿ. ಎಂ ಹೋಗಿ 'ಒ' ಆದದ್ದು ಮಲ್ಲವ್ವ. ಕೊನೆಯ ಮಾತಿನ ಮುಂದೆ ಇದ್ದದ್ದು 'ಒ'. ಮನೆ ಬಿಡಲಾರೆ ಎಂದು ನಾಟಕದುದ್ದಕ್ಕೂ ಹಟ ಹಿಡಿದ ಮುದುಕಿಯೇ ಕೊನೆಗೆ, ಇನ್ನು ನಡೀರಿ ಎನ್ನುತ್ತಾಳೆ. ಅದು ನಮ್ಮ ಅವ್ವನ ದನಿ. ಅಣ್ಣ ಯಾಕೆ ಆ ದೃಶ್ಯವನ್ನು ಕುಳಿತು ತಿದ್ದಿಸಿದ ಎಂದು ಆಗ ತಿಳಿಯಿತು.

ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಬರೆಯುವ ನನ್ನ ಅಳಿಯನಿಗೆ ಇದನ್ನು ಹೇಳಿದೆ. ಚಿತ್ರಕಥೆಯವರಿಗೂ ಇದೇ ಗೋಳು ಎಂದು ನಕ್ಕ. ಅವರ ಫೈನಲ್ ಡ್ರಾಫ್ಟ್ ತಂತ್ರಾಂಶ 2009ರಲ್ಲಿ ಬೇರೆಯವರೂ ಓದಬಲ್ಲ ಕಡತದ ರೂಪಕ್ಕೆ ಬಂತಂತೆ. 2012ರಲ್ಲಿ ಫೌಂಟನ್ ಎಂಬ ಸರಳ ಪದ್ಧತಿ ಬಂತು. ಬರೀ ಅಕ್ಷರ, ಯಾವ ಯಂತ್ರದಲ್ಲಿಯೂ ತೆರೆಯುತ್ತದೆ. ಆದರೆ ಅದು ಪಾತ್ರದ ಹೆಸರನ್ನು ಗುರುತಿಸುವುದು ಇಂಗ್ಲಿಷಿನ ದೊಡ್ಡಕ್ಷರಗಳಿಂದ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಎಲ್ಲಿದೆ? ಅದಕ್ಕಾಗಿ ಪ್ರತಿ ಹೆಸರಿನ ಮುಂದೆ ಇಮೇಲಿನ ಅಟ್ ಗುರುತು ಹಾಕಬೇಕು. ಲೋಕದವರು ಮಾಡುವ ಒಪ್ಪಂದಗಳಲ್ಲಿ ನಮ್ಮ ಹೆಸರು ಹೇಳುವವರು ನಾವೇ ಎದ್ದು ನಿಲ್ಲಬೇಕಾಗುತ್ತದೆ.

ಜಾತ್ರೆಯಲ್ಲಿ ನಾಟಕ ಆಯಿತು. ಮಲ್ಲವ್ವನ ಪಾತ್ರ ಮಾಡಿದ ಹುಡುಗಿ ಕೊನೆಯ ಮಾತು ಹೇಳಿದಾಗ, ಬಾಗಲಕೋಟೆಯಿಂದ ಬಂದಿದ್ದ ಹೆಣ್ಣುಮಕ್ಕಳು ಸೆರಗು ಕಣ್ಣಿಗೆ ಒತ್ತಿಕೊಂಡರು. ಮರುದಿನ ನಾನು ಆ ನಾಟಕವನ್ನು ಯೂನಿಕೋಡಿನಲ್ಲಿ ಮೂರು ಕಡೆ ಉಳಿಸಿಸಿದೆ. ಆಮೇಲೆ ಒಂದು ಇನ್ನೂರು ಪುಟದ ನೋಟುಬುಕ್ಕು ತಂದು, ಪಾತ್ರಗಳ ಹೆಸರನ್ನು ಪೂರ್ತಿ ಬರೆದು, ನನ್ನ ಕೈಯಿಂದಲೇ ನಕಲು ಮಾಡಲು ಕುಳಿತೆ. ಟ್ರಂಕಿನಲ್ಲಿ ಸಿಡಿಯ ಪಕ್ಕಕ್ಕೆ ಅದೂ ಇರಲಿ.