1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಜನಸಮ್ಮತಿಯೂ

2020ರ ಏಪ್ರಿಲ್ 14ರಂದು, 'ಲಾಕ್‌ಡೌನ್' ಎಂಬ ಹೆಸರಿನಿಂದ ಎಲ್ಲರ ಬಾಯಲ್ಲಿಯೂ ನೆಲೆಸಿದ್ದ ನಿರ್ಬಂಧವು ಮೇ 3ರವರೆಗೆ ಮುಂದುವರಿಯುವುದೆಂಬ ಘೋಷಣೆ ಹೊರಟ ಕೆಲವೇ ತಾಸುಗಳಲ್ಲಿ, ಮುಂಬಯಿಯ ಬಾಂದ್ರಾ ರೈಲು ನಿಲ್ದಾಣದ ಬಳಿ ಪರಸ್ಥಳಗಳ ಕೂಲಿಕಾರರು ಗುಂಪುಗುಂಪಾಗಿ ನೆರೆದು ತಮ್ಮನ್ನು ಊರಿಗೆ ಕಳುಹಿಸಿಕೊಡಬೇಕೆಂದು ಕೇಳಿದರು. ಪೋಲೀಸರು ಲಾಠಿ ಬೀಸಿ ಅವರನ್ನು ಚದುರಿಸಿದರು. ರೋಗದ ಭಯವಿಲ್ಲದ ಅವಿವೇಕಿಗಳೆಂದು ಅವರನ್ನು ಹಳಿದವರೂ ಉಂಟು. ರೋಗಕ್ಕಿಂತ ಹಸಿವಿಗೆ ಹೆಚ್ಚು ಅಂಜಿದವರೆಂದು ಮರುಗಿದವರೂ ಉಂಟು. ಅದಕ್ಕೆ ಒಂದು ತಿಂಗಳ ಹಿಂದೆಯೇ ಮಹಾರಾಷ್ಟ್ರ ಸರಕಾರವು ಚಲಾವಣೆಗೆ ತಂದಿದ್ದ ಕಾಯಿದೆಯು 1897ರದು ಎಂಬ ಸಂಗತಿಯನ್ನು ಮಾತ್ರ ಈ ಎರಡು ಪಕ್ಷದವರೂ ಅಷ್ಟಾಗಿ ಲಕ್ಷಿಸಲಿಲ್ಲ. ಆ ಕಾಯಿದೆ ಹುಟ್ಟಿದುದು ಇದೇ ನಗರದ ಸಂಕಟದಿಂದ. ಈ ವಾಗ್ವಾದವೂ ಅದರೊಡನೆಯೇ ಹುಟ್ಟಿತು.

1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದ ರೋಗಿಯೊಬ್ಬನಲ್ಲಿ ಡಾಕ್ಟರ್ ಅಕಾಸಿಯೊ ವೀಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಅಕ್ಟೋಬರ್ 6ರಂದು ಪುರಸಭೆಯ ಕಮಿಶನರ ಸ್ನೋ ಹೊರಡಿಸಿದ ಪ್ರಕಟನೆಯು ರೋಗಿಗಳನ್ನು ಬೇಕಾದರೆ ಬಲಾತ್ಕಾರದಿಂದಲೇ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ನೌಕರರಿಗೆ ಕೊಟ್ಟಿತು. ಆಸ್ಪತ್ರೆಗೆ ಹೋದವರಲ್ಲಿ ಬಹುಮಂದಿ ಹಿಂತಿರುಗಲಿಲ್ಲ. ಮರಣಕಾಲ ಸಮೀಪಿಸಿದ ಮೇಲೆ ಒಯ್ದ ರೋಗಿ ಬದುಕಿ ಬರುವುದಾದರೂ ಹೇಗೆ? ಆದರೆ ಜನರಿಗೆ ಕಂಡುದು ಇಷ್ಟೇ: ಒಳಗೆ ಹೋದವನು ಬರುವುದಿಲ್ಲ. ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದಿದ್ದರಾಗಿ, ಅದರ ಸೇಡಿಗೆ ಸರಕಾರದವರು ಜನರ ಗುಂಡಿಗೆಗಳನ್ನು ಕಿತ್ತು ಕಳುಹಿಸುತ್ತಿದ್ದಾರೆಂಬ ವದಂತಿಯೂ ಹಬ್ಬಿತು. ಅಕ್ಟೋಬರ್ 29ರಂದು ಗಿರಣಿಯ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಏರಿಹೋದರು. ಪುರಸಭೆಯು ಕೂಡಲೆ ತನ್ನ ಪ್ರಕಟನೆಯನ್ನು ಸಡಿಲಿಸಿತು. ಊರ ಹೊಲಸನ್ನು ತೆಗೆಯುವ ಹಲಾಲಖೋರರೂ ಬೆದರಿ ಓಡಿಹೋದರೆ ನಗರವೇ ನಿಲ್ಲಲಾರದೆಂಬ ಭಯ ಕಮಿಶನರನಿಗಿತ್ತು. ಆ ಭಯ ಅನುಚಿತವಾದುದೇನೂ ಅಲ್ಲ.

1897ರ ಫೆಬ್ರವರಿಯ ಹೊತ್ತಿಗೆ ಮೂರೂವರೆ ಲಕ್ಷಕ್ಕೂ ಮಿಕ್ಕಿ ಜನ ಮುಂಬಯಿಯನ್ನು ತೊರೆದಿದ್ದರು. ಇದರ ಆರ್ಥಿಕ ಪರಿಣಾಮವನ್ನು ಇತಿಹಾಸಕಾರರು ಗಮನಿಸಿದಷ್ಟು ಜನಸಾಮಾನ್ಯರು ನೆನಪಿಟ್ಟಿಲ್ಲ. ತಿಂಗಳು ಮುಗಿದು ಎಷ್ಟೋ ದಿನಗಳಾದ ಮೇಲೆ ಪಗಾರ ಕೊಟ್ಟು, ಆ ಬಾಕಿಯಿಂದಲೇ ಕೆಲಸಗಾರನನ್ನು ಹಿಡಿದಿಡುತ್ತಿದ್ದ ಗಿರಣಿಗಳು, ಈಗ ದಿನದಿನದ ಕೂಲಿಯನ್ನು ದಿನದಿನವೇ ಕೊಡಬೇಕಾಯಿತು. ಬೀದಿಯ ಮೂಲೆಗಳಲ್ಲಿ ನಿಂತು ಒಂದು ಗಿರಣಿಯವರು ಇನ್ನೊಂದು ಗಿರಣಿಯವರಿಗಿಂತ ಹೆಚ್ಚು ಕೂಲಿ ಕೂಗಿ ಆಳುಗಳನ್ನು ಸೆಳೆದರು. ಮಾಲಿಕರ ಸಂಘವು ಇದನ್ನು ತಡೆಯಲು ಹೆಣಗಿತು. ಊರಿಗೆ ಓಡಿಹೋಗುವ ದಾರಿ ತೆರೆದಿದ್ದುದರಿಂದಲೇ ಕೂಲಿಕಾರನಿಗೆ ಆ ಅಲ್ಪಕಾಲದ ಬೆಲೆ ಬಂದಿತು. 2020ರಲ್ಲಿ ರೈಲುಗಳೇ ನಿಂತಿದ್ದುವು; ಬಾಂದ್ರಾದಲ್ಲಿ ನೆರೆದವನ ಕೈಯಲ್ಲಿ ಆ ಬಲವೂ ಉಳಿದಿರಲಿಲ್ಲ.

ಹೀಗೆ ಪುರಸಭೆಯ ಕೈಸೋತಾಗ 1897ರ ಫೆಬ್ರವರಿ 4ರಂದು ಭಾರತ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಬಹು ಸಣ್ಣ ಕಾಯಿದೆ, ನಾಲ್ಕೇ ಕಲಮುಗಳು. ಸರಕಾರವು ಬೇಕಾದ ನಿಯಮಗಳನ್ನು ಮಾಡಬಹುದು, ಮೀರಿದವರಿಗೆ ಶಿಕ್ಷೆ, ಸದ್ಬುದ್ಧಿಯಿಂದ ನಡೆದ ಅಧಿಕಾರಿಯ ಮೇಲೆ ದಾವೆ ಇಲ್ಲ. ನಿರ್ಬಂಧಕ್ಕೆ ಒಳಗಾದವನ ಅನ್ನದ ಮಾತು ಆ ಕಲಮುಗಳಲ್ಲಿ ಇಲ್ಲ.

ಈ ಕಾಯಿದೆಯ ಮೊದಲ ಉಗ್ರಪ್ರಯೋಗವನ್ನು ಕಂಡುದು ಪುಣೆ. ಅಲ್ಲಿಯ ಪ್ಲೇಗ್ ಸಮಿತಿಯ ಅಧ್ಯಕ್ಷ ರ‍್ಯಾಂಡ್, ಮಾರ್ಚ್ 13ರಿಂದ ಮೇ 19ರವರೆಗೆ ಎಂಟುನೂರಕ್ಕೂ ಮಿಕ್ಕಿದ ದಂಡಿನವರಿಂದ ಮನೆಮನೆಯ ಶೋಧ ನಡೆಸಿದನು. ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಪರೀಕ್ಷಿಸಿದರೆಂದೂ, ದೇವರ ಮನೆಯನ್ನು ಬೂಟುಕಾಲಿನಿಂದ ತುಳಿದರೆಂದೂ, ಮನೆಯ ಸಾಮಾನನ್ನು ಬೆಂಕಿಗೆ ಹಾಕಿದರೆಂದೂ ದೂರುಗಳ ಮಳೆಯೇ ಸುರಿಯಿತು. ಸೈನಿಕರ ನಡತೆ ನಿರ್ದುಷ್ಟವೆಂದು ಅಧಿಕಾರಿಗಳು ಬರೆದರು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರೋಗಿಗಳನ್ನು ಬೇರ್ಪಡಿಸುವುದೇ ಬೇಡವೆಂದು ಪುಣೆಯ ಮುಖಂಡರು ವಾದಿಸಿದವರಲ್ಲ. ಲೋಕಮಾನ್ಯ ತಿಲಕರು ಊರು ಬಿಟ್ಟು ಓಡಿದ ಪ್ರತಿಷ್ಠಿತರನ್ನು ಖಂಡಿಸಿ, ತಾವು ನಿಂತು, ಹಿಂದೂ ಪ್ಲೇಗ್ ಆಸ್ಪತ್ರೆಯನ್ನು ತೆರೆಯಿಸಿದರು. ಅದೇ ಲೇಖನಿಯಿಂದ 'ಕೇಸರಿ'ಯಲ್ಲಿ ಶೋಧದ ರೀತಿಯನ್ನು ಜರೆದರು. ರೋಗಿಗಳ ಶುಶ್ರೂಷೆಯಲ್ಲಿದ್ದ ಸಾವಿತ್ರಿಬಾಯಿ ಫುಲೆ ಅವರು ಆ ಮಾರ್ಚ್ 10ರಂದು ಪ್ಲೇಗಿನಿಂದಲೇ ತೀರಿಕೊಂಡರು. ವಿರೋಧವು ಚಿಕಿತ್ಸೆಗಲ್ಲ, ಚಿಕಿತ್ಸೆಯನ್ನು ದಂಡಿನ ಕೈಗೆ ಕೊಟ್ಟುದಕ್ಕೆ.

ಮುಂದಿನದು ಸರ್ವವಿದಿತ. ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಫೇಕರ ಸಹೋದರರ ಗುಂಡಿಗೆ ಆಯರ್ಸ್ಟ್ ಅಲ್ಲಿಯೇ ಸತ್ತನು. ರ‍್ಯಾಂಡ್ ಜುಲೈ 3ರಂದು ತೀರಿಕೊಂಡನು. ತಿಲಕರಿಗೆ ರಾಜದ್ರೋಹದ ಆಪಾದನೆಯಲ್ಲಿ ಹದಿನೆಂಟು ತಿಂಗಳ ಸಜೆಯಾಯಿತು. ಸೈನಿಕರ ಮೇಲೆ ಇಂಗ್ಲೆಂಡಿನಲ್ಲಿ ಘೋರ ಆರೋಪ ಹೊರಿಸಿದ್ದ ಗೋಖಲೆಯವರು, ಮರಳಿ ಬಂದು ಪುರಾವೆ ದೊರೆಯದೆ ಬಹಿರಂಗವಾಗಿ ಕ್ಷಮೆ ಬೇಡಿದರು. ಇದನ್ನು ಹೇಡಿತನವೆಂದು ಅಂದು ಹಳಿದವರು ಬಹುಮಂದಿ. ಅದು ನ್ಯಾಯನಿಷ್ಠೆಯೆಂದೇ ಎಣಿಸತಕ್ಕದ್ದು. ಆದರೆ ನೊಂದವರು ಸಾಕ್ಷಿ ಹೇಳಲು ಮುಂದೆ ಬಾರದೆ ಇದ್ದುದರಿಂದ ನೋವೇ ಇರಲಿಲ್ಲವೆಂದು ಸಾಧಿಸಿದಂತಾಗಲಿಲ್ಲ.

1898ರ ಮಾರ್ಚ್ 9ರಂದು ಮುಂಬಯಿಯ ಮದನಪುರದಲ್ಲಿ ಜುಲಾಹ ನೇಕಾರರ ಮನೆಯ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಹೊರಟಾಗ ದೊಂಬಿಯೆದ್ದು, ಗೋಲೀಬಾರಾಗಿ, ನಗರದಲ್ಲೆಲ್ಲ ಹರಡಿತು. ಬಂದರಿನವರೂ ಗಾಡಿಯವರೂ ಕೆಲಸ ನಿಲ್ಲಿಸಿದರು. ವ್ಯಾಪಾರ ನಿಂತಾಗ ಸರಕಾರದ ಕಿವಿ ತೆರೆಯಿತು! ಜಾತಿಜಾತಿಯವರು ತಮ್ಮ ತಮ್ಮ ಆಸ್ಪತ್ರೆ ನಡೆಸಲು ಹೆಚ್ಚಿನ ಆಸ್ಪದ ದೊರೆಯಿತು. ಶೋಧದ ಬಿಗಿ ಇಳಿಯಿತು. ಮೈಸೂರು ಸೀಮೆಯೂ ಇದರಿಂದ ಹೊರತಾಗಲಿಲ್ಲ. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಜನ ದಂಗೆಯೆದ್ದರು.

ರೋಗವು ಇಲಿಯ ಮೈಯ ಚಿಗಟದಿಂದ ಹರಡುವುದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಪ್ರತಿಪಾದಿಸಿದುದು 1898ರಲ್ಲಿ; ವಿದ್ವಾಂಸರು ಅದನ್ನು ಒಪ್ಪುವುದಕ್ಕೆ ಇನ್ನೂ ಕೆಲವು ವರ್ಷಗಳು ಹಿಡಿದುವು. ಎಂದಮೇಲೆ ಪುಣೆಯಲ್ಲಿ ಹಾಸಿಗೆಗಳನ್ನು ಸುಟ್ಟು, ನೆಲವನ್ನು ಅಗೆದು, ಗೋಡೆಗೆ ಸುಣ್ಣ ಬಳಿದವರು ತಮಗೆ ತಿಳಿಯದ ಶತ್ರುವಿನೊಡನೆ ಯುದ್ಧಮಾಡುತ್ತಿದ್ದರು. ಅಜ್ಞಾನವು ಆಳುವವರ ಪಕ್ಷದಲ್ಲಿಯೂ ಇತ್ತು.

ಇದೇ ಮುಂಬಯಿ ಇಲಾಖೆಗೆ ಸೇರಿದ್ದ ಹುಬ್ಬಳ್ಳಿಯಲ್ಲಿ ಮಾತ್ರ ಸಂಗತಿ ಬೇರೆಯಾಗಿ ನಡೆಯಿತು. 1898ರಲ್ಲಿ ರೋಗವು ರೈಲಿನ ಕಾರಖಾನೆಯೂ ಗಿರಣಿಯೂ ಇದ್ದ ಆ ಪಟ್ಟಣವನ್ನು ಮುತ್ತಿದಾಗ, ಡಾಕ್ಟರ್ ಲ್ಯೂಮನ್ ಅವರು ಹಾಫ್ಕಿನ್ ಅವರ ಲಸಿಕೆಯನ್ನು ಹಾಕತೊಡಗಿದರು. ಹಾಫ್ಕಿನ್ ಅವರು ಅದನ್ನು ಹಿಂದಿನ ವರ್ಷದ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಚುಚ್ಚಿಸಿಕೊಳ್ಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ನೆರೆಯವನು ಚುಚ್ಚಿಸಿಕೊಂಡು ಬದುಕಿದುದನ್ನು ಕಂಡ ಮೇಲೆ ಹುಬ್ಬಳ್ಳಿಯ ಬಹುಪಾಲು ಜನ ತಾವೂ ತೋಳು ಚಾಚಿದರು.