ಕಲ್ಲಲ್ಲಿ ಚಿನ್ನ, ನೀರಲ್ಲಿ ಪಾಷಾಣ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ ಸಿಗುತ್ತೆ, ಕೆಂಪು ಬಾಳೆಹಣ್ಣಿನ ಊರು. ಅಲ್ಲಿ ನೆಲದಡಿ ಇರೋದು ಲಾವಾ ಹೆಪ್ಪುಗಟ್ಟಿದ ಕಪ್ಪು ಕಲ್ಲು. ಕಲಬುರಗಿ ದಾಟಿ ದಕ್ಷಿಣಕ್ಕೆ ಶಹಾಬಾದ್‌ಗೆ ಹೋದರೆ ಸುಣ್ಣದ ಕಲ್ಲು. ಇನ್ನೂ ಮುಂದೆ, ಸುರಪುರದ ಕಡೆ, ಚಿನ್ನ ಇರುವ ಹಳೆಯ ಶಿಲೆ. 2009ರ ಕೊನೆಗೆ ಯಾದಗಿರಿ ಬೇರೆಯಾಗುವ ತನಕ ಇದೆಲ್ಲ ಒಂದೇ ಜಿಲ್ಲೆ. ಆದರೆ ನೀರಿಗೆ ಅದು ಹಾದು ಬಂದ ಕಲ್ಲಿನ ಗುಣ ಬರುತ್ತೆ. ಹಾಗಾಗಿ ಎಲ್ಲ ಕಡೆ ಒಂದೇ ಪರೀಕ್ಷೆ ಮಾಡಿದರೆ ಸಾಲದು.

ಸುರಪುರ ತಾಲೂಕಿನಲ್ಲೂ ಒಂದು ಮಂಗಳೂರು ಇದೆ. ನಿಜಾಮರ ಕಾಲದಲ್ಲಿ ಅಲ್ಲಿ ಚಿನ್ನದ ಗಣಿ ಇತ್ತು. ಕಲ್ಲು ಪುಡಿ ಮಾಡಿ, ಸೀಸದ ಜೊತೆ ಕರಗಿಸಿ, ಉಳಿದ ಚಿನ್ನದ ಮಣಿಯನ್ನು ತೂಗೋದು ಆಗಿನ ಗಣಿಗಳ ಪದ್ಧತಿ. ಇಂಥ ಕಲ್ಲಲ್ಲಿ ಚಿನ್ನದ ಜೊತೆಗೇ ಆರ್ಸೆನಿಕ್ ಇರೋದುಂಟು. ನಾವು ಪಾಷಾಣ ಅಂತೀವಲ್ಲ, ಅದೇ.

ಅದನ್ನು ಪತ್ತೆ ಮಾಡುವ ವಿದ್ಯೆ ಆಗಲೇ ಇತ್ತು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಸತು ಮತ್ತು ಆಮ್ಲ ಹಾಕಿ ಆರ್ಸೆನಿಕ್ಕನ್ನು ಅನಿಲ ಮಾಡಿದ. ಅದನ್ನು ಕಾಯಿಸಿದರೆ ಗಾಜಿನ ಮೇಲೆ ಕಪ್ಪು ಕನ್ನಡಿಯಂಥ ಕಲೆ ಕೂರುತ್ತಿತ್ತು. ಇವತ್ತಿನ ಫೀಲ್ಡ್ ಕಿಟ್‌ನಲ್ಲೂ ಅದೇ ಅನಿಲ, ಆದರೆ ಬಣ್ಣ ಬರೋದು ಕಾಗದದ ಮೇಲೆ. 1955ರಲ್ಲಿ ಆಸ್ಟ್ರೇಲಿಯಾದಲ್ಲಿ ಅಲನ್ ವಾಲ್ಷ್ ಬೇರೆ ದಾರಿ ತೋರಿಸಿದರು: ಪ್ರತಿ ಧಾತುವಿನ ಪರಮಾಣು ತನ್ನದೇ ಬೆಳಕನ್ನು ಹೀರುತ್ತೆ, ಎಷ್ಟು ಹೀರಿತು ಅಂತ ನೋಡಿ ಪ್ರಮಾಣ ಹೇಳಬಹುದು. 1980ರ ದಶಕದಲ್ಲಿ ಐಸಿಪಿ-ಎಂಎಸ್ ಯಂತ್ರ ಬಂತು. ಲೀಟರ್ ನೀರಲ್ಲಿ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಅದು ಹಿಡಿಯುತ್ತೆ.

ಆದರೂ ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ ವಿಷಯ ಬೆಳಕಿಗೆ ಬಂದದ್ದು ಈ ಶತಮಾನದಲ್ಲಿ. ಅಷ್ಟರಲ್ಲಿ ಜನರ ಚರ್ಮದ ಮೇಲೆ ಗಂಟು, ಕಲೆ ಎದ್ದಿದ್ದವು. ನೀರಿನ ಜೊತೆ ಕೂದಲು, ಉಗುರನ್ನೂ ಪರೀಕ್ಷಿಸಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಮಿತಿಯನ್ನು ಲೀಟರ್‌ಗೆ 50ರಿಂದ 10 ಮೈಕ್ರೋಗ್ರಾಂಗೆ ಇಳಿಸಿತ್ತು. ನೀರಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಕುಡಿಯುವವರಿಗೆ ಗೊತ್ತಾಗೋದು ಹೆಂಗ್ರಿ?

ಕಮಲಾಪುರದ ಕಪ್ಪು ಕಲ್ಲು ಸುರಪುರದ ಕಲ್ಲಲ್ಲ, ಅಲ್ಲಿಯವರು ಈ ಕಥೆ ಕೇಳಿ ಹೆದರಬೇಕಿಲ್ಲ. ಆದರೆ ಯಂತ್ರ ಎಷ್ಟೇ ಸೂಕ್ಷ್ಮ ಇರಲಿ, ಹುಡುಕು ಅಂದದ್ದನ್ನ ಮಾತ್ರ ಹುಡುಕುತ್ತೆ. ಗಡಸುತನ, ಫ್ಲೋರೈಡ್, ನೈಟ್ರೇಟ್ ಅಂತ ಬೋರ್‌ವೆಲ್ ನೀರಿನ ವರದಿ ಕೈಗೆ ಬಂದಾಗ, ಯಾವುದನ್ನು ಅಳೆದಿಲ್ಲ ಅಂತಾನೂ ಒಮ್ಮೆ ಕೇಳ್ರಿ.