ಪ್ಯಾನಿಯರ್: ಬುಟ್ಟಿ ಹೋಯಿತು, ಹೆಸರು ಉಳಿಯಿತು

ಇಂಗ್ಲೆಂಡಿನ ನೈಋತ್ಯಕ್ಕಿರುವ ಡೆವನ್ ಸೀಮೆಯಲ್ಲಿ, ಡಾರ್ಟ್‌ಮೂರ್ ಎಂಬ ಎತ್ತರದ ಬೋಳು ಬಯಲಿನ ಪಡುವಣ ಅಂಚಿಗೆ, ಟ್ಯಾವಿ ಹೊಳೆಯ ದಂಡೆಯಲ್ಲಿ ಟ್ಯಾವಿಸ್ಟಾಕ್ ಎಂಬ ಸಂತೆಯೂರಿದೆ. ಪ್ಲಿಮತ್ ಬಂದರಿನಿಂದ ಉತ್ತರಕ್ಕೆ ಸುಮಾರು 24 ಕಿಲೋಮೀಟರ್. ಊರಿನ ನಡುವೆ ಇರುವ, ಮಾಡು ಹೊದಿಸಿದ ಮಾರುಕಟ್ಟೆಗೆ ಅಲ್ಲಿನವರು ‘ಪ್ಯಾನಿಯರ್ ಮಾರ್ಕೆಟ್’ ಎನ್ನುತ್ತಾರೆ. ಬಾರ್ನ್‌ಸ್ಟೇಪಲ್, ಬಿಡೆಫರ್ಡ್, ಸೌತ್ ಮೋಲ್ಟನ್, ಗ್ರೇಟ್ ಟಾರಿಂಗ್ಟನ್, ಟಿವರ್ಟನ್ ಹೀಗೆ ಡೆವನ್ನಿನ ಒಂದೊಂದು ಸಂತೆಯೂರಿಗೂ ಹೋದಂತೆ ಇದೇ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಡೆವನ್, ಕಾರ್ನ್‌ವಾಲ್ ದಾಟಿದ ಮೇಲೆ ಅದು ಅಪರೂಪ.

ಪ್ಯಾನಿಯರ್ ಎಂದರೆ ಕುದುರೆ ಇಲ್ಲವೇ ಕತ್ತೆಯ ಬೆನ್ನಿನ ಎರಡೂ ಬದಿಗೆ ತೂಗುಬಿಡುವ ಹೇರಿನ ಬುಟ್ಟಿ. ಲ್ಯಾಟಿನ್ನಿನಲ್ಲಿ ‘ಪಾನಿಸ್’ ಎಂದರೆ ರೊಟ್ಟಿ, ‘ಪಾನಾರಿಯುಂ’ ಎಂದರೆ ರೊಟ್ಟಿ ಇಡುವ ಬುಟ್ಟಿ. ಅದು ಫ್ರೆಂಚಿನಲ್ಲಿ ‘ಪಾನಿಯೇ’ ಆಗಿ, 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನೊಳಗೆ ಬಂದು ನೆಲೆಸಿತ್ತು. ಬರುವಾಗ ರೊಟ್ಟಿಯ ನೆನಪು ಕಳೆದುಕೊಂಡು, ಹೊರೆಯ ಪ್ರಾಣಿಗೆ ಅಂಟಿಕೊಂಡಿತು. ಕನ್ನಡದ ‘ಹಸುಬೆ’ ಇದಕ್ಕೆ ತೀರ ಹತ್ತಿರದ ಸಂಬಂಧಿ: ಲಂಬಾಣಿಗರ ಹೇರೆತ್ತುಗಳ ಬೆನ್ನಿನ ಮೇಲೆ ಉಪ್ಪು, ಧಾನ್ಯ ತುಂಬಿಕೊಂಡು ಆಚೀಚೆ ಇಳಿಬಿದ್ದಿರುತ್ತಿದ್ದ ಜೋಡಿ ಚೀಲ. ಹಸುಬೆ ಬಟ್ಟೆಯದೋ ಗೋಣಿಯದೋ, ಪ್ಯಾನಿಯರ್ ಹೆಣೆದದ್ದು. ವ್ಯತ್ಯಾಸ ಅಷ್ಟೇ.

ಡೆವನ್ನಿನಲ್ಲಿ ಈ ಬುಟ್ಟಿ ಅಷ್ಟು ಕಾಲ ಬಾಳಿದ್ದಕ್ಕೆ ನೆಲವೇ ಕಾರಣ. ಡಾರ್ಟ್‌ಮೂರ್ ಸುಮಾರು 28 ಕೋಟಿ ವರ್ಷ ಹಳೆಯ ಗ್ರಾನೈಟ್ ದಿಬ್ಬ. ಅದರ ಅತ್ಯುನ್ನತ ಜಾಗವಾದ ಹೈ ವಿಲ್‌ಹೇಸ್ 621 ಮೀಟರ್ ಎತ್ತರದಲ್ಲಿದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳು ಇಲ್ಲಿಗೆ ಬಡಿಯುವುದರಿಂದ ಮಳೆ ಧಾರಾಳ. ಬಂಡೆಯ ಮೇಲೆ ನಿಂತ ನೀರಿನಲ್ಲಿ ಹುಲ್ಲು ಪಾಚಿಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು, ಕಾಲಿಟ್ಟರೆ ಹುದುಗುವ ಪೀಟ್ ಮಣ್ಣಾಗಿದೆ. ಬಯಲಿನಿಂದ ಕೆಳಗಿಳಿದರೆ ಕಡಿದಾದ ಕಣಿವೆಗಳು. ಇಂಥ ಕಡೆ ಗಾಡಿಯ ಚಕ್ರ ಏರಿನಲ್ಲಿ ಸೋಲುತ್ತದೆ, ಕೆಸರಿನಲ್ಲಿ ಹೂಳುತ್ತದೆ. ಕುದುರೆಯ ನಾಲ್ಕು ಗೊರಸು ಹೇಗೋ ದಾಟಿಕೊಳ್ಳುತ್ತವೆ. ಕೃಷಿ ಲೇಖಕ ವಿಲಿಯಂ ಮಾರ್ಷಲ್ ಟ್ಯಾವಿಸ್ಟಾಕಿನ ಆಸುಪಾಸಿನಲ್ಲಿ ಇದ್ದು ನೋಡಿ, ಪಡುವಣ ಇಂಗ್ಲೆಂಡಿನ ಬೇಸಾಯದ ಬಗ್ಗೆ 1796ರಲ್ಲಿ ಎರಡು ಸಂಪುಟ ಪ್ರಕಟಿಸಿದ. ಅಲ್ಲಿ ಹುಲ್ಲು, ಸೌದೆ, ಸುಣ್ಣ, ಗೊಬ್ಬರ ಎಲ್ಲವೂ ಕುದುರೆಯ ಬೆನ್ನಿನ ಮೇಲೇ ಸಾಗುತ್ತಿದ್ದ ಪದ್ಧತಿಯನ್ನು ಅವನು ಬಣ್ಣಿಸಿದ್ದಾನೆ.

ಹೊರೆ ಬೇರೆಯಾದಂತೆ ಅದನ್ನು ಹೊರಿಸುವ ಸಾಧನವೂ ಬೇರೆ. ತೆನೆ, ಹುಲ್ಲು, ಸೌದೆಯಂಥ ಉದ್ದನೆಯ ಸರಕಿಗೆ ‘ಕ್ರೂಕ್ಸ್’ ಎಂಬ ಬಾಗಿದ ಕೋಲುಗಳ ಚೌಕಟ್ಟು. ಗೊಬ್ಬರಕ್ಕೆ ತಳದಲ್ಲಿ ಕದವಿರುವ ಪೆಟ್ಟಿಗೆ: ಹೊಲ ತಲುಪಿದ ಮೇಲೆ ಅಗಳಿ ಎಳೆದರೆ ತಳ ಬಿಚ್ಚಿಕೊಂಡು ಗೊಬ್ಬರ ತಾನಾಗಿ ಕೆಳಗೆ ಸುರಿಯುತ್ತದೆ. ಆಳಿಗೆ ಎತ್ತಿಳಿಸುವ ಕೆಲಸ ಇಲ್ಲ, ಕುದುರೆ ನಿಂತ ಜಾಗದಲ್ಲೇ ಕೆಲಸ ಮುಗಿಯುತ್ತದೆ. ಬೆಣ್ಣೆ, ಮೊಟ್ಟೆ, ಕೋಳಿ, ತರಕಾರಿಯಂಥ ನಾಜೂಕಿನ ಸಂತೆ ಸರಕಿಗೆ ಮಾತ್ರ ಪ್ಯಾನಿಯರ್. ಎರಡೂ ಬದಿಯ ತೂಕ ಸರಿಸಮ ಇರಲೇಬೇಕು. ಒಂದು ಬದಿ ಭಾರವಾದರೆ ಹೇರು ಜಾರುತ್ತದೆ, ತಡಿ ಉಜ್ಜಿ ಕುದುರೆಯ ಬೆನ್ನು ಹುಣ್ಣಾಗುತ್ತದೆ.

ಈ ಬುಟ್ಟಿಯ ಅಳತೆ ಊರಾಚೆಯ ದಾರಿ, ಸೇತುವೆಗಳಲ್ಲಿ ಈಗಲೂ ಕಾಣಸಿಗುತ್ತದೆ. ಡೆವನ್ನಿನ ಹಳೆಯ ಓಣಿಗಳು ಇಕ್ಕೆಲದ ಹೊಲಕ್ಕಿಂತ ಆಳೆತ್ತರ ಕೆಳಗಿರುವುದುಂಟು. ಶತಮಾನಗಳ ಗೊರಸು ಮಣ್ಣನ್ನು ಸಡಿಲಿಸಿದೆ, ಮಳೆನೀರು ಅದನ್ನು ಕೊಚ್ಚಿಕೊಂಡು ಹೋಗಿದೆ. ಹೊರೆ ಹೊತ್ತ ಒಂದು ಕುದುರೆ ಸಾಗುವಷ್ಟು ಅಗಲದ ಈ ಓಣಿಗಳಲ್ಲಿ ಇಂದು ಎದುರಿನಿಂದ ಕಾರು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಲೇಬೇಕು. ಹೊಸದಾಗಿ ಹೋದ ಪ್ರವಾಸಿಗರು ಮೊದಲ ದಿನವೇ ಕಲಿಯುವ ಪಾಠ ಇದು. ಇಂಗ್ಲೆಂಡಿನ ಹೇರುಗುದುರೆ ಸೇತುವೆಗಳಿಗೆ ಅಂಚುಗೋಡೆ ತೀರ ತಗ್ಗು, ಕೆಲವಕ್ಕೆ ಇಲ್ಲವೇ ಇಲ್ಲ. ಗೋಡೆ ಎತ್ತರವಿದ್ದರೆ ಬುಟ್ಟಿ ತಗಲುತ್ತದೆ. ಡಾರ್ಟ್‌ಮೂರಿನ ನಡುವೆ ಪೋಸ್ಟ್‌ಬ್ರಿಜ್ ಎಂಬಲ್ಲಿ ಈಸ್ಟ್ ಡಾರ್ಟ್ ಹೊಳೆಗೆ ಅಡ್ಡಲಾಗಿ ಮಧ್ಯಯುಗದ ಕಲ್ಲುಸೇತುವೆಯೊಂದಿದೆ. ಗ್ರಾನೈಟ್ ಕಂಬಗಳ ಮೇಲೆ ನಾಲ್ಕು ಮೀಟರಿಗೂ ಉದ್ದದ ಚಪ್ಪಡಿಗಳು, ಒಂದೊಂದೂ ಎಂಟು ಟನ್ ಮೀರಿ ತೂಗುವಂಥವು. ಗಾರೆಯಿಲ್ಲ, ಕಟಕಟೆಯಿಲ್ಲ. ತವರ ಹೊತ್ತ ಕುದುರೆಗಳು ದಾಟಲೆಂದು ಕಟ್ಟಿದ್ದು ಎಂಬುದು ಬಹುಮಂದಿ ಒಪ್ಪಿದ ಮಾತು.

ಡಾರ್ಟ್‌ಮೂರ್ ಮೇಲೆ ಮಂಜು ಇಳಿದರೆ ಹತ್ತಡಿ ಆಚೆಯದು ಕಾಣುವುದಿಲ್ಲ. ಆದ್ದರಿಂದ ಟ್ಯಾವಿಸ್ಟಾಕಿನಿಂದ ಬಯಲಿನ ಆಚೆ ಬದಿಯ ಆಶ್‌ಬರ್ಟನ್ನಿಗೆ ಹೋಗುವ ಹೇರುದಾರಿಯುದ್ದಕ್ಕೂ ಕಲ್ಲು ನೆಟ್ಟಿದ್ದಾರೆ. ಸೊಂಟದೆತ್ತರದ ಒರಟು ಗ್ರಾನೈಟ್ ಕಲ್ಲು, ಒಂದು ಮುಖಕ್ಕೆ ‘ಟಿ’, ಇನ್ನೊಂದಕ್ಕೆ ‘ಎ’. ದೂರವನ್ನು ಕೆತ್ತಿಲ್ಲ, ಊರಿನ ಹೆಸರನ್ನು ಪೂರ್ತಿ ಬರೆದಿಲ್ಲ. ಮಂಜಿನಲ್ಲಿ ಕೈಯಾಡಿಸಿ ಓದುವವನಿಗೆ ಒಂದು ಅಕ್ಷರ ಸಾಕು ಎಂದು ಕೆತ್ತಿಸಿದವರ ಲೆಕ್ಕಾಚಾರ ಇದ್ದಿರಬೇಕು. ಮೆರಿವೇಲ್ ಎಂಬ ಹಳ್ಳಿಯ ಹತ್ತಿರ ಇಂಥ ಕಲ್ಲುಗಳು ಕಂಚಿನ ಯುಗದ ಜೋಡಿ ಕಲ್ಲುಸಾಲುಗಳ ಪಕ್ಕದಲ್ಲೇ ನಿಂತಿವೆ.

ಟ್ಯಾವಿಸ್ಟಾಕ್ ಬೆಳೆದದ್ದು 10ನೇ ಶತಮಾನದ ಕ್ರೈಸ್ತ ಮಠವೊಂದರ ಆಶ್ರಯದಲ್ಲಿ. ವಾರಕ್ಕೊಮ್ಮೆ ಸಂತೆ ನಡೆಸುವ ಹಕ್ಕನ್ನು ದೊರೆ ಒಂದನೇ ಹೆನ್ರಿ 1105ರಲ್ಲಿ ಮಠಕ್ಕೆ ಬರೆದುಕೊಟ್ಟ. 1305ರಲ್ಲಿ ಆಶ್‌ಬರ್ಟನ್, ಚಾಗ್‌ಫರ್ಡ್ ಜೊತೆಗೆ ಇದೂ ತವರ ತೂಗಿ ಮುದ್ರೆ ಒತ್ತುವ ಊರಾಯಿತು. ಅಧಿಕಾರಿಗಳು ತವರದ ಗಟ್ಟಿಯ ಒಂದು ಮೂಲೆ ಕತ್ತರಿಸಿ ಪರೀಕ್ಷಿಸಿ ಸುಂಕ ಹಾಕುತ್ತಿದ್ದರು. ಮಠ 1539ರಲ್ಲಿ ಮುಚ್ಚಿಹೋಗಿ, ಅದರ ಆಸ್ತಿ ರಸೆಲ್ ಮನೆತನಕ್ಕೆ, ಎಂದರೆ ಮುಂದೆ ಬೆಡ್‌ಫರ್ಡಿನ ಡ್ಯೂಕರಾದವರಿಗೆ ಸೇರಿತು. ಸಂತೆ ಮಾತ್ರ ನಿಲ್ಲಲಿಲ್ಲ. 1625ರಲ್ಲಿ ಊರಿಗೆ ಪ್ಲೇಗ್ ಬಡಿದಾಗ ಹಳ್ಳಿಯವರು ಒಳಗೆ ಬರಲು ಹೆದರಿ, ಮೆರಿವೇಲ್ ಬಯಲಿನಲ್ಲೇ ಸರಕು ಇಳಿಸಿ ಹೋಗುತ್ತಿದ್ದರಂತೆ. ಆ ಜಾಗಕ್ಕೆ ‘ಪ್ಲೇಗ್ ಮಾರ್ಕೆಟ್’ ಎಂಬ ಹೆಸರು ಉಳಿದಿದೆ.

ಊರ ಸಂತೆಯಲ್ಲಿ ದನಕುರಿಗಳಿಗೆ ಒಂದು ಜಾಗ, ಕಾಳುಕಡಿಗೆ ಇನ್ನೊಂದು. ಇವೆರಡಕ್ಕೂ ಸೇರದ ಚಿಲ್ಲರೆ ಸರಕಿನದೇ ಪ್ಯಾನಿಯರ್ ಮಾರ್ಕೆಟ್. ಅಲ್ಲಿಗೆ ಬರುತ್ತಿದ್ದವರು ಬಹುಪಾಲು ರೈತರ ಮನೆಯ ಹೆಂಗಸರು. ಮನೆಯಲ್ಲೇ ಕಡೆದ ಬೆಣ್ಣೆ, ಹಾಲು ಕಾಯಿಸಿ ತೆಗೆದ ದಪ್ಪ ಕೆನೆ, ಮೊಟ್ಟೆ, ಪುಕ್ಕ ತರಿದು ಹಸನು ಮಾಡಿದ ಕೋಳಿ ತಂದು, ಬುಟ್ಟಿಯನ್ನು ಮುಂದಿಟ್ಟುಕೊಂಡು ಕೊಳ್ಳುವವರಿಗೆ ನೇರವಾಗಿ ಮಾರುತ್ತಿದ್ದರು. ಬುಟ್ಟಿಯೇ ಅಂಗಡಿ. ಹಾಗಾಗಿ ಸಂತೆಗೂ ಅದರದೇ ಹೆಸರು ಬಂದದ್ದರಲ್ಲಿ ಅಚ್ಚರಿಯಿಲ್ಲ.

ಈಗಿನ ಕಟ್ಟಡ 1862ರದು. ಗೊತ್ತಿಲ್ಲದವರು ಹೆಸರು ಕೇಳಿ ಇದನ್ನು ಹೇರುಗುದುರೆ ಕಾಲದ್ದೆಂದು ಭಾವಿಸುವುದುಂಟು. ವಾಸ್ತವವಾಗಿ ಆ ಹೊತ್ತಿಗೆ ಪ್ಯಾನಿಯರ್ ಮೂಲೆಗೆ ಬಿದ್ದಾಗಿತ್ತು. ಮಾರ್ವೆಲ್‌ಹ್ಯಾಮ್ ದಕ್ಕೆಯವರೆಗಿನ ಕಾಲುವೆ 1817ರಲ್ಲೇ ತೆರೆದಿತ್ತು, ಪ್ಲಿಮತ್ ಕಡೆಯಿಂದ ರೈಲು 1859ರಲ್ಲಿ ಬಂದಿತ್ತು. 1844ರಲ್ಲಿ ಹತ್ತಿರದ ಡೆವನ್ ಗ್ರೇಟ್ ಕಾನ್ಸಲ್ಸ್ ಗಣಿಯಲ್ಲಿ ತಾಮ್ರದ ದೊಡ್ಡ ನಿಕ್ಷೇಪ ಸಿಕ್ಕಿತು. ಗಣಿಯ ನೆಲ ಡ್ಯೂಕರದು. ಅದರಿಂದ ಬಂದ ಹಣ ಊರಿನ ನಡುಭಾಗವನ್ನು ಹಸಿರು ಛಾಯೆಯ ಸ್ಥಳೀಯ ಹರ್ಡ್‌ವಿಕ್ ಕಲ್ಲಿನಲ್ಲಿ ಹೊಸದಾಗಿ ಕಟ್ಟಲು ನೆರವಾಯಿತು. ಬಾರ್ನ್‌ಸ್ಟೇಪಲ್‌ನ ಮಾರುಕಟ್ಟೆಯೂ 1850ರ ದಶಕದ್ದೇ: 320 ಅಡಿ ಉದ್ದದ ಒಂದೇ ಹಜಾರ, ಮೇಲೆ ಮರ ಮತ್ತು ಗಾಜಿನ ಮಾಡು. ಬಿಡೆಫರ್ಡಿನದು 1884ರದು. ಎಂದರೆ ಕುದುರೆಗಳು ದಾರಿಯಿಂದ ಮರೆಯಾದ ಮೇಲೆಯೇ ಅವುಗಳ ಬುಟ್ಟಿಯ ಹೆಸರು ಕಲ್ಲುಗೋಡೆಗಳಿಗೆ ಬಂತು. ಟ್ಯಾವಿಸ್ಟಾಕಿಗೆ ಆಮೇಲೆ ಇನ್ನೊಂದು ರೈಲುಮಾರ್ಗವೂ ಬಂದು, 1962ರಲ್ಲಿ ಒಂದು, 1968ರಲ್ಲಿ ಮತ್ತೊಂದು ಪ್ರಯಾಣಿಕರಿಗೆ ಮುಚ್ಚಿಹೋದವು. ಮಾರುಕಟ್ಟೆಯಲ್ಲಿ ಇಂದಿಗೂ ಕೇಕು, ಹಳೆಯ ಪುಸ್ತಕ, ಪಿಂಗಾಣಿ, ಕೈಕಸುಬಿನ ಸಾಮಾನು ಮಾರಾಟವಾಗುತ್ತವೆ. ಅಕ್ಟೋಬರಿನ ಎರಡನೇ ಬುಧವಾರದ ‘ಗೂಸ್ ಫೇರ್’ ಜಾತ್ರೆಗೆ ಮಾತ್ರ ಪ್ಯಾನಿಯರಿನ ಹಂಗಿರಲಿಲ್ಲ. ಹಿಂದೆಲ್ಲ ಹೆಬ್ಬಾತುಗಳನ್ನು ಇಂಥ ಜಾತ್ರೆಗಳಿಗೆ ಹಿಂಡುಹಿಂಡಾಗಿ ನಡೆಸಿಕೊಂಡೇ ತರುತ್ತಿದ್ದರು.

ಪದ ಡೆವನ್ನಿನಲ್ಲೇ ಕಟ್ಟುಬಿದ್ದಿರಲಿಲ್ಲ. 18ನೇ ಶತಮಾನದ ಯುರೋಪಿನ ಅರಮನೆಗಳಲ್ಲಿ ಹೆಂಗಸರ ಲಂಗದ ಒಳಗೆ ಸೊಂಟದ ಎರಡೂ ಬದಿಗೆ ಕಟ್ಟುತ್ತಿದ್ದ ಬಳೆಗಳ ಚೌಕಟ್ಟಿಗೂ ಇದೇ ಹೆಸರು. ಅದನ್ನು ತೊಟ್ಟವರು ಮುಂದಿನಿಂದ ನೋಡಿದರೆ ಬಾಗಿಲಿಗಿಂತ ಅಗಲ, ಪಕ್ಕದಿಂದ ನೋಡಿದರೆ ತೆಳು. ಒಳಗೆ ಹೋಗಲು ಓರೆಯಾಗಬೇಕಿತ್ತು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಕೆಲವು ಉಗಿಬಂಡಿಗಳಿಗೆ ನೀರಿನ ತೊಟ್ಟಿಗಳು ಬಾಯ್ಲರಿನ ಎರಡೂ ಬದಿಗೆ ತೂಗಾಡುವಂತೆ ಇದ್ದುದರಿಂದ ಅವು ‘ಪ್ಯಾನಿಯರ್ ಟ್ಯಾಂಕ್’ ಆದವು. 1929ರಿಂದ 1950ರವರೆಗೆ ತಯಾರಾದ ಅವುಗಳ 5700 ಸರಣಿಯೊಂದರಲ್ಲೇ 863 ಎಂಜಿನ್‌ಗಳಿದ್ದವು. ಫ್ರಾನ್ಸಿನಲ್ಲಿ ‘ಪಾನಿಯೇ’ ಸಾಮಾನ್ಯ ಬುಟ್ಟಿಯಾಗಿಯೇ ಉಳಿದು, ಆನ್‌ಲೈನ್ ಅಂಗಡಿಗಳಲ್ಲಿ ಕೊಳ್ಳಬೇಕಾದ ಸಾಮಾನು ಒಟ್ಟುಮಾಡುವ ಪಟ್ಟಿಯ ಹೆಸರಾಗಿದೆ.

ಇಂದಿನ ಇಂಗ್ಲಿಷಿನಲ್ಲಿ ಈ ಪದ ಹೆಚ್ಚಾಗಿ ಕೇಳಿಬರುವುದು ಸೈಕಲ್ಲಿನ ಹಿಂಗಾಲಿಯ ಇಕ್ಕೆಲಕ್ಕೆ ನೇತುಹಾಕುವ ಚೀಲಗಳಿಗೆ. ಅಲ್ಲಿಂದ ಅದು ಮೋಟಾರ್‌ಸೈಕಲ್ಲಿಗೆ ಹತ್ತಿ ಕರ್ನಾಟಕಕ್ಕೂ ಬಂದಿದೆ. ಬೆಂಗಳೂರಿನಿಂದ ಲಡಾಖ್‌ಗೆ ಹೊರಡುವ ಬೈಕ್ ಸವಾರರ ಮಾತಿನಲ್ಲಿ ಮೆತ್ತನೆಯ ಚೀಲ ‘ಸ್ಯಾಡಲ್ ಬ್ಯಾಗ್’, ಗಟ್ಟಿ ಪೆಟ್ಟಿಗೆ ‘ಪ್ಯಾನಿಯರ್’. ಹೆಣೆದ ರೊಟ್ಟಿಬುಟ್ಟಿಗಿದ್ದ ಪದಕ್ಕೆ ಅವರಲ್ಲಿ ಬೀಗ ಹಾಕುವ ಅಲ್ಯೂಮಿನಿಯಂ ಡಬ್ಬ ಎಂಬ ಅರ್ಥ ಕೂತುಬಿಟ್ಟಿದೆ.